ಶಾರ್ಜಾದ ರಮಝಾನ್, ಉಪ್ಪಿನಂಗಡಿಯ ಪೆರ್ನಾಲ್

"ನಿಮಗೇನು, ಮುಸ್ಲಿಮರ ದೇಶದಲ್ಲೇ ಇದ್ದೀರಿ. ಅಲ್ಲಿ ಈದ್ ಭಾರೀ ಜೋರಿರಬೇಕು ಅಲ್ವಾ?" ಹಬ್ಬ ಹತ್ತಿರ ಬಂತೆಂದರೆ ಊರಿನಿಂದ ಯಾರಾದರೊಬ್ಬರು ಫೋನಿನಲ್ಲಿ ಹೀಗೆ ಕೇಳಿಯೇ ಕೇಳುತ್ತಾರೆ. ಹೌದು ಎಂದು ಮಾತು ಮುಂದುವರಿಸುತ್ತೇನೆ. ಆದರೆ ಫೋನ್ ಇಟ್ಟ ಮೇಲೂ ಆ ಪ್ರಶ್ನೆ ತಲೆಯಲ್ಲಿ ಉಳಿದುಬಿಡುತ್ತದೆ. ಯಾಕೆಂದರೆ ಇಲ್ಲಿ ಜೋರಿರುವುದು ರಮಝಾನ್. ನಮ್ಮೂರಿನಲ್ಲಿ ಪೆರ್ನಾಲ್ ಎನ್ನುವ ಈದ್ ಅಲ್ಲ. ಈದ್ ದಿನ ಬೆಳಿಗ್ಗೆ ಎಂಟು ಗಂಟೆಗೆ ಶಾರ್ಜಾದ ನಮ್ಮ ಕಟ್ಟಡದ ಮೆಟ್ಟಿಲ ಹತ್ತಿರ ನಿಂತರೆ ಒಂದು ಪಾತ್ರೆಯ ಸದ್ದೂ ಕೇಳುವುದಿಲ್ಲ. ನಮಾಝ್ ಮುಗಿಸಿ ಬಂದವರೆಲ್ಲ ಮಲಗಿರುತ್ತಾರೆ. ತಿಂಗಳಿಡೀ ರಾತ್ರಿ ಎಚ್ಚರವಿದ್ದು ದಣಿದ ದೇಹಗಳು, ಪಾಪ. ಇಲ್ಲಿನ ರೋಲಾ ಪೇಟೆಯ ಗಲ್ಲಿಗಳಲ್ಲಿ ಅಂಗಡಿಗಳ ಶಟರ್ ಕೆಳಗಿರುತ್ತದೆ. ಒಂದೇ ರೂಮಿನಲ್ಲಿ ಎಂಟು ಹತ್ತು ಜನ ಇರುವ ಬೆಡ್ ಸ್ಪೇಸ್‌ಗಳಲ್ಲಿ ಗಂಡಸರು ಹೊಸ ಅಂಗಿ ಕಳಚಿ ಮೊಳೆಗೆ ನೇತುಹಾಕಿ, ಊರಿಗೆ ವಿಡಿಯೋ ಕಾಲ್ ಮಾಡಿ, ಮುಸುಕು ಹಾಕಿಕೊಂಡಿರುತ್ತಾರೆ. ಮಧ್ಯಾಹ್ನ ಎದ್ದು ಹೋಟೆಲಿನಿಂದ ಬಿರಿಯಾನಿ ತರಿಸುತ್ತಾರೆ. ಸಂಜೆ ಪಾರ್ಕು, ನೀರ ದಂಡೆಯ ಕಾರ್ನಿಶ್ ರಸ್ತೆ, ಮಾಲ್. ಅಲ್ಲಿಗೆ ಹಬ್ಬ ಮುಗಿಯಿತು.

ಇದು ಇಲ್ಲಿನವರ ಕೊರತೆ ಅಂತ ನಾನು ಹೇಳುತ್ತಿಲ್ಲ. ಇಲ್ಲಿನ ಅರಬ್ ಮನೆಗಳಲ್ಲಿ ಈದ್ ದಿನ ಅತಿಥಿಗಳ ಕೋಣೆ ಮಜ್ಲಿಸ್ ತುಂಬಿರುತ್ತದೆ. ಅಜ್ಜನ ಮನೆಗೆ ಮೊಮ್ಮಕ್ಕಳೆಲ್ಲ ಬರುತ್ತಾರೆ, ಮಕ್ಕಳ ಕೈಗೆ ಈದಿಯ ಹೊಸ ನೋಟು ಬೀಳುತ್ತದೆ, ಖಹ್ವಾ ಕಾಫಿ ಮತ್ತು ಖರ್ಜೂರದ ತಟ್ಟೆ ದಿನವಿಡೀ ಖಾಲಿಯಾಗುವುದಿಲ್ಲ. ಆ ಮನೆಗಳು ಬೇರೆ ಬಡಾವಣೆಗಳಲ್ಲಿವೆ. ನಾವಿರುವ ಕಡೆ ಇರುವವರೆಲ್ಲ ದುಡಿಯಲು ಬಂದವರು. ಉಪವಾಸ ಹಿಡಿಯಲು ನಮಗೆ ಈ ನಾಡು ಸಾಕಾಯಿತು. ಈದ್ ಮಾಡಲು ಸಂಬಂಧಿಕರು ಬೇಕು, ನೆರೆಯವರು ಬೇಕು, ಬಾಗಿಲು ತಟ್ಟುವವರು ಬೇಕು. ಅವರನ್ನು ಯಾವ ಸರ್ಕಾರವೂ ಕೊಡಲಾರದು. ಮದುವೆಯಾಗಿ ಇಲ್ಲಿಗೆ ಬಂದಾಗಿನಿಂದ ನನ್ನ ತಲೆಯಲ್ಲಿ ಸುತ್ತುತ್ತಿರುವುದು ಇದೇ.

ಊರಿಗೆ ಊರೇ ಉಪವಾಸ ಇರುವಾಗ

ರಮಝಾನ್ ಇಲ್ಲಿ ನಿಜಕ್ಕೂ ಚೆಂದ. ಅದನ್ನು ಮೊದಲು ಹೇಳಿಬಿಡಬೇಕು. ಕೆಲಸದ ಹೊತ್ತು ದಿನಕ್ಕೆ ಎರಡು ಗಂಟೆ ಕಡಿಮೆಯಾಗುತ್ತದೆ. ಅದು ಕಾನೂನು. ಉಪವಾಸ ಇರುವವರಿಗೂ ಇಲ್ಲದವರಿಗೂ ಒಂದೇ. ಶಾಲೆಗಳು ಬೇಗ ಬಿಡುತ್ತವೆ. ಸಂಜೆ ಹತ್ತಿರವಾದಂತೆ ರಸ್ತೆಯಲ್ಲಿ ಕಾರುಗಳು ಓಡುವ ವೇಗ ನೋಡಿದರೆ ಗಾಬರಿಯಾಗುತ್ತದೆ. ಸೂರ್ಯ ಮುಳುಗಿ ಮಗ್ರಿಬ್ ಬಾಂಗ್ ಕೇಳಿದ ಮೇಲೆ ಅದೇ ರಸ್ತೆ ಪೂರ್ತಿ ಖಾಲಿ. ಉಪವಾಸ ಬಿಡುವ ಹೊತ್ತಿಗೆ ಫಿರಂಗಿ ಹಾರಿಸುವ ಪದ್ಧತಿ ಇನ್ನೂ ಇದೆ. ಟೀವಿಯಲ್ಲಿ ಅದನ್ನು ನೇರ ತೋರಿಸುತ್ತಾರೆ. ಮಗಳು ಚಿಕ್ಕವಳಿದ್ದಾಗ ಫಿರಂಗಿ ಸದ್ದು ಕೇಳಿದ ಮೇಲೆಯೇ ಖರ್ಜೂರ ಬಾಯಿಗೆ ಹಾಕುತ್ತಿದ್ದಳು, ಬಾಂಗನ್ನು ನಂಬುತ್ತಿರಲಿಲ್ಲ. ಸೂಪರ್ ಮಾರ್ಕೆಟ್ಟಿನ ಬಾಗಿಲಲ್ಲೇ ವಿಮ್ಟೋ ಬಾಟಲಿಗಳ ಗೋಡೆ ಎದ್ದಿರುತ್ತದೆ. 1908ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ ಆ ನೇರಳೆ ಶರಬತ್ತು ಗಲ್ಫಿನ ಇಫ್ತಾರಿಗೆ ಹೇಗೆ ಅಂಟಿಕೊಂಡಿತೋ ಏನೋ, ಅದಿಲ್ಲದ ಮೇಜು ಇಲ್ಲಿ ಕಾಣಸಿಗುವುದು ಅಪರೂಪ.

ನಮ್ಮ ನಾಲ್ಕನೇ ಮಹಡಿಯ ಬಾಲ್ಕನಿಯಿಂದ ಮಸೀದಿಯ ಅಂಗಳ ಕಾಣುತ್ತದೆ. ಸಂಜೆಯ ಅಸರ್ ನಮಾಝ್ ಆದ ಮೇಲೆ ನಾಲ್ಕೈದು ಹುಡುಗರು ಬಂದು ಪ್ಲಾಸ್ಟಿಕ್ ಹಾಳೆಯ ಸುರುಳಿ ಬಿಚ್ಚುತ್ತಾರೆ. ಗೋಡೆಯಿಂದ ಗೋಡೆಗೆ ಉದ್ದಕ್ಕೆ ಹಾಸುತ್ತಾರೆ. ಗಾಳಿಗೆ ಹಾರದಂತೆ ಅಂಚಿನುದ್ದಕ್ಕೂ ನೀರಿನ ಬಾಟಲಿ ಇಡುತ್ತಾರೆ. ಒಂದೊಂದು ಬಾಟಲಿ ಒಬ್ಬೊಬ್ಬರ ಜಾಗ. ಆಮೇಲೆ ಅದರ ಪಕ್ಕಕ್ಕೆ ಮೂರು ಖರ್ಜೂರ, ಲಬನ್ ಎಂಬ ಮಜ್ಜಿಗೆಯ ಒಂದು ಪೊಟ್ಟಣ, ಒಂದು ಕಿತ್ತಳೆ ಅಥವಾ ಬಾಳೆಹಣ್ಣು. ಕೊನೆಗೆ ದೊಡ್ಡ ತಟ್ಟೆಗಳಲ್ಲಿ ಬಿರಿಯಾನಿ, ಪಾತ್ರೆಯಲ್ಲಿ ಗೋಧಿ, ಮಾಂಸ ಬೇಯಿಸಿದ ಹರೀಸ್. ಬಾಂಗ್‌ಗೆ ಅರ್ಧ ಗಂಟೆ ಇರುವಾಗ ಜನ ಬಂದು ಕೂರಲು ಶುರು. ಕೆಲಸದ ನೀಲಿ ಬಟ್ಟೆಯಲ್ಲೇ ಬಂದವರು, ಡೆಲಿವರಿ ಹುಡುಗರು ಹೆಲ್ಮೆಟ್ ಪಕ್ಕದಲ್ಲಿಟ್ಟು, ಟ್ಯಾಕ್ಸಿ ಡ್ರೈವರುಗಳು. ಬಾಂಗ್ಲಾದವರು, ಪೇಶಾವರದವರು, ಬಿಹಾರದವರು, ನಮ್ಮ ಕೇರಳದವರು. ನೀನು ಯಾರು, ಎಲ್ಲಿಯವನು, ನಿನ್ನ ಧರ್ಮ ಯಾವುದು ಅಂತ ಆ ಸಾಲಿನಲ್ಲಿ ಯಾರನ್ನೂ ಕೇಳುವುದಿಲ್ಲ. ನನ್ನ ಗಂಡ ಮದುವೆಗೆ ಮೊದಲು ರೋಲಾದಲ್ಲಿ ಬೆಡ್ ಸ್ಪೇಸ್‌ನಲ್ಲಿದ್ದಾಗ ರಮಝಾನ್ ಪೂರ್ತಿ ಅವರ ಊಟ ಇಂಥ ಸಾಲುಗಳಲ್ಲೇ ಆಗುತ್ತಿತ್ತು. ಆ ತಿಂಗಳು ಉಳಿದ ಊಟದ ದುಡ್ಡು ಊರಿಗೆ ಹೋಗುತ್ತಿತ್ತು. ಇದನ್ನು ಅವರು ಎಷ್ಟೋ ಸಲ ಹೇಳಿದ್ದಾರೆ, ಪ್ರತಿ ಸಲವೂ ಧ್ವನಿ ಸ್ವಲ್ಪ ಇಳಿಯುತ್ತದೆ.

ಜುಲೈ ತಿಂಗಳಿನಲ್ಲಿ ರಮಝಾನ್ ಬಂದ ವರ್ಷಗಳು ನೆನಪಾದರೆ ಈಗಲೂ ಗಂಟಲು ಒಣಗುತ್ತದೆ. ಹತ್ತಿರ ಹತ್ತಿರ ಹದಿನೈದು ಗಂಟೆಯ ಉಪವಾಸ. ಬಿಸಿಲಿನಲ್ಲಿ ದುಡಿಯುವವರಿಗೆ ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12:30ರಿಂದ 3ರವರೆಗೆ ಕೆಲಸ ನಿಲ್ಲಿಸಬೇಕು ಎಂಬ ನಿಯಮ ಇಲ್ಲಿದೆ. ಕಟ್ಟಡದ ನೆರಳಿನಲ್ಲಿ ರಟ್ಟು ಹಾಸಿ, ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ಮಲಗಿದವರನ್ನು ನೋಡುತ್ತಾ ನಾನು ಏಸಿ ಬಸ್ಸಿನಲ್ಲಿ ಹೋಗುತ್ತಿದ್ದೆ. ಅವರಲ್ಲಿ ಎಷ್ಟೋ ಮಂದಿ ಉಪವಾಸ ಬಿಡುತ್ತಿರಲಿಲ್ಲ. ಉಪವಾಸ ಎಂದರೆ ಏನೆಂದು ಯಾರಾದರೂ ಕೇಳಿದರೆ ನನ್ನ ಕಣ್ಣ ಮುಂದೆ ಬರುವವರು ಅವರು.

ಊರಿನಲ್ಲಿ ನನ್ನ ಉಪವಾಸ ಬೇರೆ ಥರ ಇತ್ತು. ಉಪ್ಪಿನಂಗಡಿಯ ನಮ್ಮ ಶಾಲೆಯಲ್ಲಿ ಕ್ಲಾಸಿಗೆ ನಾವು ಐದಾರು ಮಂದಿ ಮುಸ್ಲಿಂ ಹುಡುಗಿಯರು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ನಾವು ಹೊರಗೆ ಹೋಗಿ ಕೂರುತ್ತಿದ್ದೆವು. ನನ್ನ ಬೆಂಚಿನ ಗೆಳತಿ ರಮಝಾನ್ ತಿಂಗಳಲ್ಲಿ ನೀರು ಕುಡಿಯಲು ಬೋರ್ಡಿನ ಹಿಂದೆ ಹೋಗುತ್ತಿದ್ದಳು. ನನ್ನೆದುರು ಕುಡಿಯಬಾರದು ಅಂತ ಅವಳೇ ತೀರ್ಮಾನ ಮಾಡಿದ್ದು, ಯಾರೂ ಹೇಳಿಕೊಟ್ಟದ್ದಲ್ಲ. "ನೀರೂ ಕುಡಿಯಬಾರದಾ? ಉಗುಳು ನುಂಗಬಹುದಾ?" ಎಂಬ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಕೊಟ್ಟು ನಮಗೇ ನಮ್ಮ ಉಪವಾಸದ ಬಗ್ಗೆ ಗೊತ್ತಾಯಿತು. ಇಲ್ಲಿ ಯಾರೂ ಏನೂ ಕೇಳುವುದಿಲ್ಲ. ಕೇಳಬೇಕಾದ ಅಗತ್ಯವೇ ಇಲ್ಲ. ಕೆಲವರು ಊರಿನ ಉಪವಾಸವೇ ನಿಜವಾದದ್ದು, ಎಲ್ಲರೂ ತಿನ್ನುವಾಗ ತಡೆದುಕೊಳ್ಳುವುದೇ ಪರೀಕ್ಷೆ ಅನ್ನುತ್ತಾರೆ. ನನಗೆ ಆ ವಾದ ಒಪ್ಪಿಗೆಯಿಲ್ಲ. ಸುಲಭವಾಗಿ ಸಿಕ್ಕಿದ್ದೂ ಕೃಪೆಯೇ. ಆದರೆ ಒಂದು ಮಾತು ಹೇಳಬೇಕು. ದುಬೈನಲ್ಲಿ ಮೊದಲು ರಮಝಾನಿನ ಹಗಲು ತೆರೆದಿರುವ ಹೋಟೆಲುಗಳಿಗೆ ಪರದೆ ಕಟ್ಟಬೇಕಿತ್ತು. 2021ರಲ್ಲಿ ಆ ಕಡ್ಡಾಯ ತೆಗೆದರು. ನಮ್ಮ ಪರಿಚಯದವರಲ್ಲಿ ಕೆಲವರಿಗೆ ಅದು ಸರಿಬರಲಿಲ್ಲ. ನನಗೆ ಸಮಾಧಾನವಾಯಿತು. ಬುತ್ತಿ ತಿನ್ನುವ ಗೆಳತಿಯರ ನಡುವೆ ಬೆಳೆದವಳಿಗೆ ಇನ್ನೊಬ್ಬರ ಊಟದಿಂದ ಉಪವಾಸ ಕೆಡುತ್ತದೆ ಎಂದು ಯಾವತ್ತೂ ಅನಿಸಿದ್ದಿಲ್ಲ.

ಮೈದಾನ

2014ರ ಜುಲೈ. ಶಾರ್ಜಾದಲ್ಲಿ ನನ್ನ ಮೊದಲ ಈದ್. ಹಿಂದಿನ ರಾತ್ರಿ ಗಂಡ ಹೇಳಿದರು, "ಬೆಳಿಗ್ಗೆ ಐದಕ್ಕೆ ರೆಡಿಯಾಗು, ನಮಾಝಿಗೆ ಹೋಗಬೇಕು." ನನಗೆ ಅರ್ಥವೇ ಆಗಲಿಲ್ಲ. ನಮಾಝಿಗೆ ಹೋಗುವುದು ಅವರಲ್ಲವೇ? ನಮ್ಮ ಮನೆಯಲ್ಲಿ ಈದ್ ನಮಾಝಿಗೆ ಹೆಂಗಸರು ಹೋದದ್ದೇ ಇಲ್ಲ. ಮಂಗಳೂರಿನಲ್ಲಿ ಹೆಂಗಸರಿಗೆ ಜಾಗವಿರುವ ಮಸೀದಿಗಳು ಕೆಲವು ಇವೆ ಎಂದು ಕೇಳಿದ್ದೆ. ನಮ್ಮ ಕಡೆ ಆ ಪದ್ಧತಿಯಿಲ್ಲ. ಹೆಂಗಸರಿಗೆ ಮನೆಯ ನಮಾಝೇ ಉತ್ತಮ ಎಂದು ಉಸ್ತಾದರು ಮದ್ರಸದಲ್ಲಿ ಕಲಿಸಿದ್ದರು. ಬಾಪ, ಅಣ್ಣ, ತಮ್ಮ ಅತ್ತರು ಹಾಕಿಕೊಂಡು ಹೊರಟರೆ ನಾವು ಗೇಟಿನ ತನಕ ಹೋಗಿ ವಾಪಸ್ ಬರುತ್ತಿದ್ದೆವು. ಆಮೇಲೆ ಉಮ್ಮನ ಜೊತೆ ಅಕ್ಕಿ ರೊಟ್ಟಿ ಪತ್ತಿರ್ ಒತ್ತುವುದು, ತೆಂಗಿನಕಾಯಿ ತುರಿಯುವುದು, ತುಪ್ಪದನ್ನ ನೈಚೋರಿಗೆ ಈರುಳ್ಳಿ ಹುರಿಯುವುದು. ಅಲ್ಲಾಹನನ್ನು ಕೊಂಡಾಡುವ ತಕ್ಬೀರ್ ನಮಗೆ ಮೈಕಿನಲ್ಲಿ ಕೇಳುವ ಸದ್ದಷ್ಟೇ.

ಮೈದಾನ ತಲುಪಿದಾಗ ಇನ್ನೂ ಸೂರ್ಯ ಹುಟ್ಟಿರಲಿಲ್ಲ. ಆದರೂ ಬೆನ್ನಿನಲ್ಲಿ ಬೆವರು ಇಳಿಯುತ್ತಿತ್ತು. ಗಂಡಸರ ಭಾಗ ಒಂದು ಕಡೆ, ನಮ್ಮದು ಒಂದು ಕಡೆ. ನೂರಾರು ಹೆಂಗಸರು. ಕೆಲವರು ನಮಾಝಿನ ಹಾಸು ಮುಸಲ್ಲಾ ತಂದಿದ್ದರು, ಕೆಲವರು ಚಾಪೆ, ಒಬ್ಬಳು ಮಗುವಿನ ಹೊದಿಕೆಯನ್ನೇ ಹಾಸಿದ್ದಳು. ನಾನು ಏನೂ ತಂದಿರಲಿಲ್ಲ. ಒಬ್ಬ ಈಜಿಪ್ಟಿನ ಹೆಂಗಸು ತನ್ನ ಮುಸಲ್ಲಾವನ್ನು ಅಡ್ಡಕ್ಕೆ ತಿರುಗಿಸಿ ಬಾ ಎಂದು ಕೈ ಮಾಡಿದಳು. ಇಬ್ಬರೂ ಅರ್ಧರ್ಧ ಹಂಚಿಕೊಂಡೆವು. ನನ್ನ ಇನ್ನೊಂದು ಪಕ್ಕ ಒಬ್ಬ ಪಾಕಿಸ್ತಾನದ ಹುಡುಗಿ. ಎಲ್ಲರ ಬಾಯಲ್ಲೂ ತಕ್ಬೀರ್. ಅಲ್ಲಾಹು ಅಕ್ಬರ್, ಅಲ್ಲಾಹು ಅಕ್ಬರ್, ವಲಿಲ್ಲಾಹಿಲ್ ಹಮ್ದ್. ಹೆಂಗಸರ ಧ್ವನಿಯಲ್ಲಿ, ಅಷ್ಟು ಜನರ ಬಾಯಲ್ಲಿ ಅದನ್ನು ನಾನು ಮೊದಲ ಸಲ ಕೇಳಿದ್ದು. ನಾನೂ ಹೇಳತೊಡಗಿದೆ. ಮೊದಲು ಮೆಲ್ಲಗೆ. ಆಮೇಲೆ ನನ್ನ ಧ್ವನಿ ನನಗೇ ಕೇಳುವಷ್ಟು. ನಮಾಝ್ ಶುರುವಾದಾಗ ಪಕ್ಕದ ಹುಡುಗಿ ತಕ್ಬೀರುಗಳ ಲೆಕ್ಕ ತಪ್ಪಿ ತಬ್ಬಿಬ್ಬಾದಳು. ಅವರ ಹನಫಿ ಪಂಥದ ಪದ್ಧತಿಯಲ್ಲಿ ಹೆಚ್ಚಿನ ತಕ್ಬೀರ್ ಆರು, ಇಲ್ಲಿ ಅದಕ್ಕಿಂತ ಜಾಸ್ತಿ. ಸಲಾಂ ಹೇಳಿ ಮುಗಿದ ಮೇಲೆ ಈಜಿಪ್ಟಿನ ಹೆಂಗಸು ಚೀಲದಿಂದ ಡಬ್ಬಿ ತೆಗೆದು ಕಹ್ಕ್ ಎಂಬ ಬಿಸ್ಕತ್ತು ಹಂಚಿದಳು. ಮೇಲೆ ದಪ್ಪಕ್ಕೆ ಪುಡಿ ಸಕ್ಕರೆ. ಕಚ್ಚಿದ ತಕ್ಷಣ ಸಕ್ಕರೆಯೆಲ್ಲ ನನ್ನ ಕಪ್ಪು ಅಬಾಯದ ಮೇಲೆ ಉದುರಿತು. ಅವಳು ನಗುತ್ತಾ ತನ್ನ ಕೈಯಿಂದಲೇ ಒರೆಸಿದಳು. ನನಗೆ ಅವಳ ಭಾಷೆ ಬರದು, ಅವಳಿಗೆ ನನ್ನದು ಬರದು. ಈದ್ ಮುಬಾರಕ್ ಎಂದು ಮೂರು ಮೂರು ಸಲ ತಬ್ಬಿಕೊಂಡೆವು.

ಮನೆಗೆ ಬಂದು ಉಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಉಮ್ಮ ಪೂರ್ತಿ ಕೇಳಿದಳು. "ಸಾಲಿನಲ್ಲಿ ನಿಂತೆಯಾ? ಇಮಾಮರ ಹಿಂದೆಯೇ?" ಎಂದು ಎರಡು ಸಲ ಕೇಳಿದಳು. ಆಮೇಲೆ, "ಮಧ್ಯಾಹ್ನಕ್ಕೆ ಏನು ಮಾಡಿದ್ದೀ? ಯಾರೆಲ್ಲ ಬರ್ತಾರೆ?" ಅಂದಳು. ಯಾರೂ ಬರುವವರಿರಲಿಲ್ಲ. ನಾವಿಬ್ಬರೇ. ಆ ದಿನ ಮಧ್ಯಾಹ್ನದ ಮೌನ ನನಗೆ ತಡೆಯಲಾಗಲಿಲ್ಲ. ಬೆಳಿಗ್ಗೆ ಅಷ್ಟು ಜನರ ನಡುವೆ ನಿಂತು ಬಂದವಳಿಗೆ ಆ ಮೌನ ಇನ್ನೂ ಜಾಸ್ತಿ ಚುಚ್ಚಿತು.

ಅಕ್ಕಿ ಅಳೆಯುವ ರಾತ್ರಿ

ಈದ್ ಯಾಕೆ ಇಲ್ಲಿ ಹೀಗೆ ಎಂದು ಯೋಚಿಸುವಾಗ ನನಗೆ ನೆನಪಾಗುವುದು ಫಿತ್ರ್ ಝಕಾತ್. ಹಬ್ಬದ ದಿನ ಯಾರೂ ಹಸಿದಿರಬಾರದು ಎಂದು ಮನೆಯ ಪ್ರತಿ ತಲೆಯ ಲೆಕ್ಕದಲ್ಲಿ, ರಮಝಾನಿನ ಕೊನೆಯ ದಿನ ಸೂರ್ಯ ಮುಳುಗುವ ಮೊದಲು ಹುಟ್ಟಿದ ಮಗುವಿದ್ದರೆ ಅದರದ್ದೂ ಸೇರಿಸಿ, ಕೊಡಬೇಕಾದ ಧಾನ್ಯ. ತಲೆಗೆ ಹೆಚ್ಚು ಕಡಿಮೆ ಎರಡೂವರೆ ಕಿಲೋ ಅಕ್ಕಿ. ನಮಾಝಿಗೆ ಮೊದಲೇ ತಲುಪಿಸುವುದು ಒಳ್ಳೆಯದು. ಇಲ್ಲಿ ಅದಕ್ಕೆ ತಲೆಗೆ 25 ದಿರ್ಹಂ ಎಂದು ಫತ್ವಾ ಮಂಡಳಿ ನಿಗದಿ ಮಾಡಿದೆ. ಮೊಬೈಲಿನಲ್ಲಿ ಒಂದು ನಿಮಿಷದ ಕೆಲಸ. ರಶೀದಿಯೂ ಬರುತ್ತದೆ. ದುಡ್ಡು ತಲುಪಬೇಕಾದವರಿಗೆ ತಲುಪುತ್ತದೆ, ಅದರಲ್ಲಿ ನನಗೆ ಅನುಮಾನವಿಲ್ಲ.

ಬಾಪ ಇದ್ದಾಗ ಚಂದ್ರ ಕಂಡ ಸುದ್ದಿ ಬಂದ ಮೇಲೆ ನಮ್ಮ ಮನೆಯ ಜಗುಲಿಯಲ್ಲಿ ಅಕ್ಕಿ ಮೂಟೆ ಬಿಚ್ಚುತ್ತಿದ್ದರು. ಕರಾವಳಿಯಲ್ಲಿ ನಾವು ಕೇರಳದ ಚಂದ್ರದರ್ಶನ ನೋಡುವವರು. ಕೋಝಿಕ್ಕೋಡಿನ ಕಾಪ್ಪಾಡ್ ಕಡಲತೀರದಲ್ಲಿ ಕಂಡಿತಂತೆ ಎಂಬ ಸುದ್ದಿ ಬಂದು, ಜಿಲ್ಲಾ ಖಾಝಿಯವರು ಘೋಷಿಸಿ, ಮಸೀದಿ ಮೈಕಿನಲ್ಲಿ ತಕ್ಬೀರ್ ಶುರುವಾದರೆ ಮಾತ್ರ ಖಾತ್ರಿ. ಅಲ್ಲಿಯ ತನಕ ನಾಳೆ ಉಪವಾಸವೋ ಹಬ್ಬವೋ ಎಂದು ಮದರಂಗಿ ಅರೆದಿಟ್ಟುಕೊಂಡು ಕಾಯುತ್ತಿದ್ದೆವು. ಬಾಪ ಹಿತ್ತಾಳೆಯ ಸೇರಿನಲ್ಲಿ ಅಕ್ಕಿ ತುಂಬಿ, ಅಂಗೈಯಿಂದ ಮೇಲೆ ಸವರಿ, ಮತ್ತೆ ಒಂದು ಹಿಡಿ ಜಾಸ್ತಿ ಹಾಕುತ್ತಿದ್ದರು. "ಇದು ನಿನ್ನದು" ಎಂದು ನನ್ನ ಹೆಸರಿನ ಅಕ್ಕಿಯನ್ನು ನನ್ನ ಕೈಯಿಂದಲೇ ಚೀಲಕ್ಕೆ ಸುರಿಸುತ್ತಿದ್ದರು. ಆಮೇಲೆ ಟಾರ್ಚ್ ಹಿಡಿದು ಮಕ್ಕಳ ಸವಾರಿ. ಯಾವ ಮನೆಗೆ ಯಾವ ಚೀಲ ಎಂದು ಬಾಪ ಕಿವಿಯಲ್ಲಿ ಹೇಳುತ್ತಿದ್ದರು. ಬಾಗಿಲಲ್ಲಿ ನಿಂತು ಕೊಟ್ಟು ಬಾ, ಒಳಗೆ ಇಣುಕಬೇಡ, ದಾರಿಯಲ್ಲಿ ಯಾರಾದರೂ ಕೇಳಿದರೆ ಅಂಗಡಿ ಸಾಮಾನು ಅನ್ನು. ಕೆಲವು ಮನೆಗಳವರು ನಮಗೆ ಚೀಲ ತಂದುಕೊಡುವವರೂ ಹೌದು, ನಮ್ಮಿಂದ ಪಡೆಯುವವರೂ ಹೌದು. ಯಾಕೆಂದರೆ ಹಬ್ಬದ ದಿನಕ್ಕೆ ಬೇಕಾದಷ್ಟಿದ್ದು ಒಂದು ಸೇರು ಮಿಕ್ಕಿದರೆ ಬಡವನೂ ಕೊಡಬೇಕು. ಕೊಡುವ ಸಂತೋಷ ಅವನಿಗೂ ಸಿಗಲಿ ಎಂದು ಬಾಪ ಹೇಳುತ್ತಿದ್ದರು.

ಇಲ್ಲಿ ರಶೀದಿ ಕೈಯಲ್ಲಿ ಹಿಡಿದು ಕೂತಾಗ ನನಗೆ ಕಾಣೆಯಾದದ್ದು ಆ ಬಾಗಿಲುಗಳು. ಹಬ್ಬ ಎಂದರೆ ಆ ಓಡಾಟ ಅಂತ ನನಗೆ ಅರ್ಥವಾದದ್ದು ಊರು ಬಿಟ್ಟ ಮೇಲೆ. ಮರುದಿನ ಬೆಳಿಗ್ಗೆಯೂ ಅಷ್ಟೇ. ಉಮ್ಮ ಮಾಂಸದ ಪಾತ್ರೆ ಮುಟ್ಟುವ ಮೊದಲು ಬೇರೆಯೇ ಪಾತ್ರೆಯಲ್ಲಿ ಶಾವಿಗೆ ಪಾಯಸ ಕಾಯಿಸಿ ಪಕ್ಕದ ಮನೆಯ ಟೀಚರಿಗೆ ಕಳಿಸುತ್ತಿದ್ದಳು. ಅವರು ಮಾಂಸ ತಿನ್ನದವರು. ಆ ಪಾತ್ರೆ ವರ್ಷವಿಡೀ ಅಟ್ಟದಲ್ಲಿರುತ್ತಿತ್ತು, ಅದಕ್ಕೆ ಬೇರೆ ಕೆಲಸವಿರಲಿಲ್ಲ. ಮಧ್ಯಾಹ್ನಕ್ಕೆ ಎದುರು ಮನೆಯ ಶೆಟ್ರ ಮಕ್ಕಳು ನಮ್ಮ ಬಾಪ ಬರುವ ಮೊದಲೇ ಪಂಕ್ತಿಯಲ್ಲಿ ಕೂತಿರುತ್ತಿದ್ದರು. ಎಲ್ಲರೂ ಈದ್ ಮಾಡುವ ಊರಿನಲ್ಲಿ ಈದಿಗೆ ಅತಿಥಿಗಳೇ ಇರುವುದಿಲ್ಲ. ಇದನ್ನು ನಾನು ನಿರೀಕ್ಷಿಸಿರಲಿಲ್ಲ.

ಕೊರೊನಾ ಬಂದ 2020ರ ಬಗ್ಗೆ ಜಾಸ್ತಿ ಬರೆಯಲು ಮನಸ್ಸಿಲ್ಲ. ಮಾರ್ಚ್‌ನಿಂದ ಮಸೀದಿಗಳಲ್ಲಿ ನಮಾಝ್ ನಿಂತಿತ್ತು. ಬಾಲ್ಕನಿಯಿಂದ ಕಾಣುವ ಅಂಗಳದಲ್ಲಿ ಆ ವರ್ಷ ಹಾಳೆ ಹಾಸಲಿಲ್ಲ. ಮೇ 12ರಂದು ದುಬೈನಿಂದ ಮಂಗಳೂರಿಗೆ ಲಾಕ್‌ಡೌನ್ ನಂತರದ ಮೊದಲ ವಿಮಾನ ಹಾರಿತು. ಕೆಲಸ ಕಳೆದುಕೊಂಡವರು, ತುಂಬು ಗರ್ಭಿಣಿಯರು ಊರಿಗೆ ಹೋಗಲು ಪರದಾಡುತ್ತಿದ್ದರು. ಮೇ 24ರ ಈದ್ ನಮಾಝನ್ನು ಎಲ್ಲರೂ ಮನೆಯಲ್ಲೇ ಮಾಡಿದೆವು. ಗಂಡ ಮುಂದೆ, ನಾನೂ ಮಗಳೂ ಹಿಂದೆ. ಮಗಳಿಗೆ ಐದು ವರ್ಷ. ಅವಳ ನೆನಪಿನಲ್ಲಿರುವ ಮೊದಲ ಈದ್ ಅದೇ.

ಮಗಳ ಪ್ರಶ್ನೆ

2024ರಲ್ಲಿ ಈದಿಗೆ ಊರಿಗೆ ಹೋದೆವು. ಟಿಕೆಟ್ ದರ ಆಕಾಶದಲ್ಲಿತ್ತು, ಆದರೂ ಬಾಪ ಹೋದ ಮೇಲೆ ಉಮ್ಮನ ಜೊತೆ ಒಂದು ಈದ್ ಮಾಡಲೇಬೇಕಿತ್ತು. ಯುಎಇಯಲ್ಲಿ ಮಾರ್ಚ್ 11ಕ್ಕೆ ರಮಝಾನ್ ಶುರು, ಊರಿನಲ್ಲಿ 12ಕ್ಕೆ. ಏಪ್ರಿಲ್ 9ರ ಸಂಜೆ ಕೇರಳದಲ್ಲಿ ಚಂದ್ರ ಕಂಡಿತು. ಹಾಗಾಗಿ ನಮಗೆ 30 ಉಪವಾಸ, ಊರಿನವರಿಗೆ 29, ಹಬ್ಬ ಮಾತ್ರ ಒಟ್ಟಿಗೇ 10ಕ್ಕೆ. ಚಂದ್ರ ಕಾಣದ ಬೆಂಗಳೂರಿನಲ್ಲಿರುವ ತಮ್ಮನಿಗೆ ಅಂದು ಇನ್ನೂ ಒಂದು ಉಪವಾಸ ಬಾಕಿ. ಒಂದೇ ಮನೆಯವರು ಮೂರು ಥರ. ಇದೆಲ್ಲ ಗಲ್ಫ್ ಮನೆಗಳಿಗೆ ಹೊಸದೇನಲ್ಲ. ತಿಂಗಳ ನಡುವೆ ಊರಿಗೆ ವಿಮಾನ ಹತ್ತಿ 31ನೇ ಉಪವಾಸ ಹಿಡಿದವರೂ ನಮ್ಮಲ್ಲಿದ್ದಾರೆ. ಊರಿನಿಂದ ಇಲ್ಲಿಗೆ ಬಂದು 28ಕ್ಕೇ ಈದ್ ಸಿಕ್ಕಿ, ಆಮೇಲೆ ಒಂದು ಉಪವಾಸ ತೀರಿಸಿದವರೂ ಇದ್ದಾರೆ.

ಹಬ್ಬದ ಬೆಳಿಗ್ಗೆ ಮಗಳು ಎಲ್ಲರಿಗಿಂತ ಮೊದಲು ಎದ್ದು ಸ್ನಾನ ಮಾಡಿದಳು. ಹಸಿರು ಬಟ್ಟೆ, ಎರಡೂ ಕೈಗೆ ಮದರಂಗಿ, ಕಂಕುಳಲ್ಲಿ ಅವಳ ಚಿಕ್ಕ ಮುಸಲ್ಲಾ. ಗಂಡ ಮತ್ತು ಅಣ್ಣ ಹೊರಟಾಗ ಅವಳೂ ಚಪ್ಪಲಿ ಹಾಕಿದಳು. ಅಣ್ಣ ಅವಳ ತಲೆ ಸವರಿ, "ನೀನು ಮನೆಯಲ್ಲಿರು ಮಗಳೇ, ನಾವು ಬೇಗ ಬರ್ತೇವೆ" ಅಂದ. ಅವಳಿಗೆ ಅರ್ಥವಾಗಲಿಲ್ಲ. "ಹೆಂಗಸರ ಮೈದಾನ ಎಲ್ಲಿ?" ಎಂದು ನನ್ನನ್ನು ಕೇಳಿದಳು. ಇಲ್ಲಿ ಇಲ್ಲ ಅಂದೆ. "ಮತ್ತೆ ಉಮ್ಮಮ್ಮ ಎಲ್ಲಿ ನಮಾಝ್ ಮಾಡ್ತಾರೆ?" ಉಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಕೈಗೆ ಹಿಟ್ಟು ಅಂಟಿತ್ತು. ಪ್ರತಿ ವರ್ಷವೂ ಉಮ್ಮ ಒಬ್ಬಳೇ ರೂಮಿನ ಮೂಲೆಯಲ್ಲಿ ಎರಡು ರಕಅತ್ ನಮಾಝ್ ಮಾಡಿ ಮತ್ತೆ ಒಲೆ ಹತ್ತಿರ ಬರುತ್ತಿದ್ದಳು. ನಾವು ಮಕ್ಕಳು ಅದನ್ನು ಗಮನಿಸಿದವರೇ ಅಲ್ಲ.

ಉಮ್ಮ ಕೈ ತೊಳೆದಳು. ನಮಾಝಿಗೆ ಮೊದಲಿನ ಅಂಗಶುದ್ಧಿ ವುಝೂ ಮಾಡಿ ಬಂದು ಚಾವಡಿಯಲ್ಲಿದ್ದ ಕುರ್ಚಿಗಳನ್ನು ಗೋಡೆಗೆ ಸರಿಸತೊಡಗಿದಳು. "ಚಾಪೆ ಹಾಸು" ಅಂದಳು ನನಗೆ. ಅತ್ತಿಗೆಯನ್ನು ಕರೆದಳು, ಹಿಂದಿನ ಮನೆಯ ಚಿಕ್ಕಮ್ಮನನ್ನು ಕರೆಸಿದಳು. "ನೀನೇ ನಿಲ್ಲು. ನೀನು ಮೈದಾನದಲ್ಲಿ ಮಾಡಿದವಳು." ಹೆಂಗಸರ ಸಾಮೂಹಿಕ ನಮಾಝಿಗೆ ಹೆಂಗಸೇ ಇಮಾಮ್ ಆದರೆ ಸಾಲಿನ ನಡುವೆಯೇ ನಿಲ್ಲಬೇಕು, ಮುಂದೆ ಹೋಗಬಾರದು. ನನ್ನ ಒಂದು ಪಕ್ಕ ಉಮ್ಮ, ಇನ್ನೊಂದು ಪಕ್ಕ ಮಗಳು. ಮೊದಲ ರಕಅತ್‌ನಲ್ಲಿ ಏಳು ತಕ್ಬೀರ್, ಎರಡನೆಯದರಲ್ಲಿ ಐದು. ನನ್ನ ಕೈಯ ಜೊತೆ ಉಮ್ಮನ ಕೈ ಏಳುವುದು ಕಣ್ಣಂಚಿಗೆ ಕಾಣುತ್ತಿತ್ತು. ಅಡುಗೆಮನೆಯಿಂದ ಸಣ್ಣ ಉರಿಯಲ್ಲಿಟ್ಟ ಈರುಳ್ಳಿಯ ವಾಸನೆ ಬರುತ್ತಿತ್ತು. ಮುಗಿದ ಮೇಲೆ ಚಿಕ್ಕಮ್ಮ ಅಳುತ್ತಿದ್ದರು. ಉಮ್ಮ ಅಳಲಿಲ್ಲ. "ಇಷ್ಟು ವರ್ಷ ಇದನ್ನು ಮನೆಯಲ್ಲೇ ಮಾಡಬಹುದಿತ್ತಲ್ಲ" ಅಂದಳು. ಎದ್ದು ಈರುಳ್ಳಿ ತಿರುವಲು ಹೋದಳು.

ಅಂದು ಮಧ್ಯಾಹ್ನ ಮಗಳು ನೋಡಿದ್ದು ಅವಳು ಯಾವತ್ತೂ ನೋಡದ ಈದ್. ಟೀಚರ ಮನೆಗೆ ಪಾಯಸದ ಪಾತ್ರೆ ಹಿಡಿದು ಹೋಗಿ ಕಿಸೆ ತುಂಬಾ ಚಾಕಲೇಟಿನೊಂದಿಗೆ ಬಂದಳು. ಶೆಟ್ರ ಮನೆಯ ಮಕ್ಕಳ ಮಕ್ಕಳು ಈಗ ಪಂಕ್ತಿಯಲ್ಲಿ ಕೂರುತ್ತಾರೆ. ಸಂಜೆಯ ತನಕ ಗೇಟು ಹಾಕಲು ಪುರುಸೊತ್ತಾಗಲಿಲ್ಲ. ರಾತ್ರಿ ಮಲಗುವಾಗ ಅವಳು ಕೇಳಿದಳು, "ಶಾರ್ಜಾದಲ್ಲಿ ಯಾಕೆ ಯಾರೂ ನಮ್ಮ ಮನೆಗೆ ಬರೋದಿಲ್ಲ?" ಬೆಳಿಗ್ಗೆ ಊರಿನ ಕೊರತೆ ಕೇಳಿದವಳು ರಾತ್ರಿ ಶಾರ್ಜಾದ್ದು ಕೇಳಿದಳು. ಎರಡೂ ಸರಿಯಾದ ಪ್ರಶ್ನೆ.

ನಾವೇ ಕರೆಯಬೇಕು

ಮರುವರ್ಷದಿಂದ ನಾವು ಒಂದು ಕೆಲಸ ಶುರು ಮಾಡಿದೆವು. ಹಬ್ಬದ ಹಿಂದಿನ ದಿನ ಗಂಡ ತಮ್ಮ ಹಳೆಯ ಬೆಡ್ ಸ್ಪೇಸ್‌ನ ಗೆಳೆಯರಿಗೆ ಫೋನ್ ಮಾಡುತ್ತಾರೆ. ನಮಾಝ್ ಮುಗಿಸಿ ಮಲಗಬೇಡಿ, ಸೀದಾ ಮನೆಗೆ ಬನ್ನಿ. ಮಲಗಲು ಆಮೇಲೆ ಇದೆ. ನಾನು ರಾತ್ರಿಯೇ ಪತ್ತಿರಿಗೆ ಹಿಟ್ಟು ಕಲಸಿಡುತ್ತೇನೆ. ನಮ್ಮ ಮೇಲಿನ ಮಹಡಿಯಲ್ಲಿ ಉಡುಪಿ ಕಡೆಯ ಒಂದು ಕುಟುಂಬವಿದೆ. ಅವರನ್ನೂ ಕರೆದೆವು. ಇಷ್ಟು ವರ್ಷ ಲಿಫ್ಟಿನಲ್ಲಿ ಈದ್ ಮುಬಾರಕ್ ಹೇಳಿ ಹೋಗುತ್ತಿದ್ದವರು, ಕರೆದದ್ದೇ ತಡ, ಬಾಳಕ ಮೆಣಸು ಹುರಿದುಕೊಂಡು ಬಂದರು. ಕಳೆದ ಸಲ ಬಂದವರಲ್ಲಿ ಒಬ್ಬರು ಹಿರಿಯರಿದ್ದರು. ಬಿ.ಸಿ.ರೋಡ್ ಕಡೆಯವರು, ಗೋದಾಮಿನಲ್ಲಿ ಕೆಲಸ. ಎಷ್ಟೋ ಈದ್‌ಗಳನ್ನು ಮಂಚದ ಮೇಲೇ ಕಳೆದವರು. ಅವರು ತಿಂದದ್ದು ಸ್ವಲ್ಪವೇ. ಊಟವಾದ ಮೇಲೆ ನೇರ ಅಡುಗೆಮನೆಗೆ ಬಂದು, "ಮಗಳೇ, ಪಾತ್ರೆ ನಾನು ತೊಳೀತೇನೆ. ಮನೆಯ ಅಡುಗೆಮನೆಯಲ್ಲಿ ನಿಂತು ಬಹಳ ವರ್ಷವಾಯಿತು" ಅಂದರು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಅವರು ತೊಳೆದು ಕೊಟ್ಟರು, ಮಗಳು ಒರೆಸಿಟ್ಟಳು. ತನ್ನ ಮೊಮ್ಮಗಳ ಶಾಲೆಯ ಕತೆ ಹೇಳಿದರು. ಆ ಮೊಮ್ಮಗಳನ್ನು ಅವರು ಎತ್ತಿ ಆಡಿಸಿದ್ದು ಒಂದೇ ರಜೆಯಲ್ಲಿ.

ಈಗ ನನ್ನ ತಲೆಯಲ್ಲಿರುವುದು ಉಮ್ಮನನ್ನು ಒಂದು ಈದಿಗೆ ಇಲ್ಲಿಗೆ ಕರೆಸುವ ಯೋಚನೆ. ವಿಸಿಟ್ ವೀಸಾದ ಕಾಗದಗಳನ್ನು ಗಂಡ ವಿಚಾರಿಸುತ್ತಿದ್ದಾರೆ. ಉಮ್ಮನಿಗೆ ಮಂಡಿ ನೋವಿದೆ, ಮೈದಾನಕ್ಕೆ ಮಡಚುವ ಕುರ್ಚಿ ಒಯ್ಯಬೇಕು. ಉಮ್ಮಮ್ಮನ ಪಕ್ಕದ ಜಾಗ ತನಗೇ ಎಂದು ಮಗಳು ಈಗಲೇ ಹೇಳಿಟ್ಟಿದ್ದಾಳೆ. ಮೊನ್ನೆ ಫೋನಿನಲ್ಲಿ ಕೇಳಿದಾಗ ಉಮ್ಮ ಬೇಡ ಅನ್ನಲಿಲ್ಲ, ಬರ್ತೇನೆ ಅಂತಲೂ ಅನ್ನಲಿಲ್ಲ. "ನಾನು ಅಲ್ಲಿಗೆ ಬಂದರೆ ಇಲ್ಲಿ ಟೀಚರಿಗೆ ಪಾಯಸ ಯಾರು ಕೊಡುವುದು?" ಅಂದಳು. ಅತ್ತಿಗೆ ಕೊಡ್ತಾಳೆ ಅಂದೆ. "ಅವಳಿಗೆ ಅಟ್ಟದ ಆ ಪಾತ್ರೆ ಯಾವುದು ಅಂತ ಗೊತ್ತಿಲ್ಲ" ಅಂದಳು. ತೋರಿಸಿಕೊಟ್ಟು ಬಾ ಅಂದೆ. ನೋಡೋಣ ಅಂದಿದ್ದಾಳೆ.